412 ಪಿಡಿಎಫ್ ಇವೆ, ಬೇಕಾದ ಒಂದು ಸಿಗುತ್ತಿಲ್ಲ. ಪೇಪರ್‌ಗಳನ್ನು ನೀವೆಲ್ಲ ಹೇಗೆ ಇಟ್ಟುಕೊಳ್ಳುತ್ತೀರಿ?

ಪಲ್ಪರ್_ನೀರು · ಭಾನುವಾರ ರಾತ್ರಿ 10:48

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಸಿವಿಲ್ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಎರಡನೇ ವರ್ಷ. ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಆದ ಮೇಲೆ ಹೊರಗೆ ಬರುವ ನೀರನ್ನು ಶುದ್ಧ ಮಾಡುವುದು ನನ್ನ ವಿಷಯ. ಹೆಸರು ನೋಡಿದರೇ ಗೊತ್ತಾಗುತ್ತೆ ಅಲ್ವಾ.

ಸಮಸ್ಯೆ ಇದು. ಲ್ಯಾಪ್‌ಟಾಪ್‌ನಲ್ಲಿ 'ಲಿಟ್ ರಿವ್ಯೂ' ಅಂತ ಒಂದು ಫೋಲ್ಡರ್ ಇದೆ. ಅದರಲ್ಲಿ 412 ಪಿಡಿಎಫ್. ಅರ್ಧಕ್ಕರ್ಧ ಫೈಲ್‌ಗಳ ಹೆಸರು ಬರೀ ನಂಬರು, ಇಳಿಸಿದಾಗ ಹೇಗೆ ಬಂತೋ ಹಾಗೇ. ಉಳಿದವು 'ಹೊಸದು', 'ಹೊಸದು 2', 'ಇದು ಇಂಪಾರ್ಟೆಂಟ್', 'ಗೈಡ್ ಕೊಟ್ಟದ್ದು'. ಒಂದು ಪೇಪರನ್ನು ಮರೆತು ಎರಡು ಸಲ ಪ್ರಿಂಟ್ ತೆಗೆಸಿ, ಎರಡು ಸಲ ಓದಿ, ಎರಡು ಸಲ ಗೆರೆ ಎಳೆದಿದ್ದೇನೆ. ತಮಾಷೆ ಏನೆಂದರೆ ಬೇರೆ ಬೇರೆ ಸಾಲುಗಳಿಗೆ.

ಶುಕ್ರವಾರ ಗೈಡ್ ಎರಡನೇ ಚಾಪ್ಟರ್ ನೋಡಿದರು. ಒಂದು ಕಡೆ ನಾನು 'ಒಂದು ಕೆ.ಜಿ. ಹಣ್ಣಿಗೆ 40 ಲೀಟರ್ ನೀರು ಬೇಕು' ಅಂತ ಬರೆದಿದ್ದೆ. ಪೆನ್ನು ಅಲ್ಲೇ ನಿಂತಿತು. "ಇದು ಎಲ್ಲಿಂದ ಬಂತಮ್ಮಾ?" ಅಂದರು. ನನಗೆ ಮಾತೇ ಹೊರಡಲಿಲ್ಲ. ಓದಿದ್ದು ನಿಜ. ಬಲಗಡೆ ಕಾಲಂ, ಟೇಬಲ್ ಕೆಳಗೆ, ಹಳದಿ ಗೆರೆ. ಅಷ್ಟು ನೆನಪಿದೆ. ಯಾವ ಪೇಪರ್ ಅನ್ನುವುದು ಮಾತ್ರ ಇಲ್ಲ. ಎರಡು ದಿನದಿಂದ ಒಂದೊಂದೇ ತೆರೆದು ನೋಡುತ್ತಿದ್ದೇನೆ. ನಡುವೆ ಕರೆಂಟ್ ಬೇರೆ ಹೋಗುತ್ತಿದೆ.

ಡಿಸೆಂಬರ್‌ಗೆ ಪಲ್ಪಿಂಗ್ ಶುರುವಾಗಿರುತ್ತದೆ. ಅಷ್ಟರೊಳಗೆ ತೋಟದಲ್ಲಿ ಇಡುವ, ಆ ನೀರು ಶುದ್ಧ ಮಾಡುವ ಚಿಕ್ಕ ರಿಯಾಕ್ಟರ್ ತೊಟ್ಟಿಯ ಸೈಜ್ ಲೆಕ್ಕ ಮುಗಿಯಬೇಕು. ನೀವೆಲ್ಲ ಹೇಗೆ ಹುಡುಕುತ್ತೀರಿ, ಹೇಗೆ ಜೋಡಿಸುತ್ತೀರಿ, ಓದಿದ್ದನ್ನು ಹೇಗೆ ನೆನಪಿಡುತ್ತೀರಿ? ದಯವಿಟ್ಟು ಹೇಳಿ.

ಸುಮ್ನೆ_ಬಂದೆ · 10:55

'ಇದು ಇಂಪಾರ್ಟೆಂಟ್' ಅನ್ನೋ ಫೈಲ್ ತೆರೆದು ನೋಡಿದ್ರಾ?

ಪಲ್ಪರ್_ನೀರು · 10:57

ನೋಡಿದೆ. ಅದು ಹಾಸ್ಟೆಲ್ ಫೀಸ್ ರಸೀದಿ.

ಸಾಲಗಾಮೆ_ರೋಡ್ · 11:10

ನಾನು ಐದನೇ ವರ್ಷ. ನಿಮ್ಮ ಫೋಲ್ಡರ್ ವಾಸಿ. ನನ್ನದು ಎರಡು ಪೆನ್‌ಡ್ರೈವ್, ಒಂದು ಹಳೇ ಫೋನ್, ತಮ್ಮನ ಲ್ಯಾಪ್‌ಟಾಪ್ ಅಂತ ನಾಲ್ಕು ದಿಕ್ಕಿಗೆ ಹಂಚಿಹೋಗಿತ್ತು.

ಇವತ್ತೇ ಪೇಪರ್ ಜೋಡಿಸಿಡುವ ಝೊಟೆರೊ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ಯೂನಿವರ್ಸಿಟಿಯಲ್ಲಿ ಇತಿಹಾಸದವರು ಶುರು ಮಾಡಿದ್ದು, ನಮ್ಮ ಇಂಜಿನಿಯರ್‌ಗಳಲ್ಲ. 412 ಪಿಡಿಎಫ್‌ಗಳನ್ನೂ ಒಟ್ಟಿಗೆ ಹಿಡಿದು ಅದರೊಳಗೆ ಎಳೆದು ಬಿಡಿ. ಹೊಸ ಪೇಪರ್‌ಗಳಾದರೆ ತಲೆಬರಹ, ಲೇಖಕರು, ವರ್ಷ ಎಲ್ಲವನ್ನೂ ತಾನೇ ಹುಡುಕಿ ತುಂಬಿಕೊಳ್ಳುತ್ತದೆ. ಫೈಲ್ ಹೆಸರನ್ನೂ ಲೇಖಕರು, ವರ್ಷ, ತಲೆಬರಹ ಸೇರಿಸಿ ಬದಲಾಯಿಸುತ್ತದೆ. ಒಂದೇ ಪೇಪರ್ ಎರಡು ಮೂರು ಸಲ ಇದ್ದರೆ 'ಡೂಪ್ಲಿಕೇಟ್ ಐಟಮ್ಸ್' ಅನ್ನುವಲ್ಲಿ ತೋರಿಸುತ್ತದೆ, ಸೇರಿಸಿಬಿಡಬಹುದು.

ನಿಮ್ಮ 40 ಲೀಟರ್ ಹುಡುಕಲು ಇನ್ನೊಂದು ಉಪಾಯ. ಮೇಲೆ ಹುಡುಕುವ ಪೆಟ್ಟಿಗೆ ಇದೆಯಲ್ಲ, ಅದರ ಪಕ್ಕದಲ್ಲಿ 'ಎವೆರಿಥಿಂಗ್' ಅಂತ ಆರಿಸಿ. ಆಗ ಪಿಡಿಎಫ್ ಒಳಗಿನ ಅಕ್ಷರಗಳನ್ನೂ ಹುಡುಕುತ್ತದೆ. ಬರೀ 40 ಅಂತ ಕೊಟ್ಟರೆ ಎಲ್ಲಾ ಪೇಪರೂ ಬಂದು ನಿಲ್ಲುತ್ತವೆ. ನೀರು, ಲೀಟರ್, ಪಲ್ಪಿಂಗ್ ಅನ್ನುವ ಇಂಗ್ಲಿಷ್ ಪದಗಳನ್ನೂ ಜೊತೆಗೆ ಕೊಡಿ.

ಎಕ್ಸೆಲ್_ಸಾಕು · 11:16

ಇದಕ್ಕೆಲ್ಲಾ ಸಾಫ್ಟ್‌ವೇರ್ ಯಾಕೆ? ಒಂದು ಎಕ್ಸೆಲ್ ಶೀಟ್, ಪೇಪರ್‌ಗೆ ಒಂದು ಸಾಲು. ನಾನು ಎಂ.ಟೆಕ್ ಮುಗಿಸಿದ್ದು ಹಾಗೇ.

ಸಾಲಗಾಮೆ_ರೋಡ್ · 11:19

ಎಷ್ಟು ಪೇಪರ್?

ಎಕ್ಸೆಲ್_ಸಾಕು · 11:20

ಮೂವತ್ತೆರಡು.

ಸಾಲಗಾಮೆ_ರೋಡ್ · 11:20

🙂

ಬಿಬ್‌ಟೆಕ್_ಭಕ್ತ · 11:34

ಲೇಟೆಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಥೀಸಿಸ್ ಬರೆಯುವುದಾದರೆ ಪೇಪರ್ ಪಟ್ಟಿಗೆ ಜ್ಯಾಬ್‌ರೆಫ್ ನೋಡಿ. ಎಲ್ಲವೂ ಒಂದೇ ಡಾಟ್ ಬಿಬ್ ಫೈಲ್‌ನಲ್ಲಿ ಇರುತ್ತದೆ. ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು. ನಾಳೆ ಯಾವ ಕಂಪನಿ ಬಾಗಿಲು ಹಾಕಿದರೂ ನಿಮ್ಮ ಪಟ್ಟಿ ನಿಮ್ಮ ಹತ್ತಿರವೇ. ಈ ಪಟ್ಟಿಯ ಬಿಬ್‌ಟೆಕ್ ಪದ್ಧತಿ 1985ರಿಂದ ಇದೆ. ನನಗಿಂತ ವಯಸ್ಸಾಗಿದೆ, ಇವತ್ತಿಗೂ ನಡೆಯುತ್ತಿದೆ.

ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಮೆಂಡಲೆ ಬಗ್ಗೆ ಯಾರಾದರೂ ಹೇಳುವ ಮುಂಚೆ ನಾನೇ ಹೇಳುತ್ತೇನೆ. ಅದನ್ನು 2013ರಲ್ಲಿ ಜರ್ನಲ್ ಪ್ರಕಾಶಕ ಎಲ್ಸೇವಿಯರ್ ಕೊಂಡುಕೊಂಡಿತು. ಹಳೇ ಡೆಸ್ಕ್‌ಟಾಪ್ ಆವೃತ್ತಿಯನ್ನು ಹೊಸಬರಿಗೆ ಕೊಡುವುದನ್ನು 2022ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದರು. ಈಗ ಇರುವುದು ಬೇರೆ ಆವೃತ್ತಿ.

ಎಂಟೆಕ್_ಹುಡುಗ · 11:41

ಮೆಂಡಲೆಯಲ್ಲಿ ಉಚಿತವಾಗಿ 2 ಜಿಬಿ ಜಾಗ ಇದೆ ಗುರು. ಝೊಟೆರೊದಲ್ಲಿ ಬರೀ 300 ಎಂಬಿ. 412 ಪಿಡಿಎಫ್ ಎಲ್ಲಿ ಹಿಡಿಸುತ್ತೆ?

ಸಾಲಗಾಮೆ_ರೋಡ್ · 11:52

300 ಎಂಬಿ ಅನ್ನುವುದು ಅವರ ಸರ್ವರ್‌ನಲ್ಲಿ ಫೈಲ್ ಇಡುವ ಜಾಗಕ್ಕೆ. ಪಟ್ಟಿ ಮತ್ತು ಟಿಪ್ಪಣಿಗೆ ಮಿತಿ ಇಲ್ಲ. ಫೈಲ್‌ಗಳು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರಲಿ. ವಾರಕ್ಕೊಮ್ಮೆ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ.

ಒಂದು ತಪ್ಪು ಮಾತ್ರ ಮಾಡಬೇಡಿ. ನಾನು ಮಾಡಿದ್ದೆ. ಬುದ್ಧಿವಂತಿಕೆ ಅಂದುಕೊಂಡು ಝೊಟೆರೊದ ಇಡೀ ಡೇಟಾ ಫೋಲ್ಡರನ್ನು ತಾನೇ ಸಿಂಕ್ ಆಗುವ ಒಂದು ಕ್ಲೌಡ್ ಫೋಲ್ಡರ್‌ನೊಳಗೆ ಇಟ್ಟೆ. ಹಾಗೆ ಇಡಬೇಡಿ, ಡೇಟಾಬೇಸ್ ಕೆಡುತ್ತದೆ ಅಂತ ಅವರೇ ಬರೆದಿದ್ದಾರೆ. ನಾನು ಓದಿರಲಿಲ್ಲ. ಒಂದು ದಿನ ಮನೆಯಲ್ಲೂ ಲ್ಯಾಬ್‌ನಲ್ಲೂ ಎರಡೂ ಕಡೆ ತೆರೆದಿತ್ತು. ಮಾರನೇ ದಿನ ಮೂರು ತಿಂಗಳ ಟಿಪ್ಪಣಿ ಮಾಯ.

ಹಳೇ_ಬ್ಯಾಚ್_2003 · ಸೋಮವಾರ ಬೆಳಿಗ್ಗೆ 6:20

ನಿಮ್ಮನ್ನೆಲ್ಲ ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನು ಎಂ.ಟೆಕ್ ಮಾಡಿದ್ದು 2003ರಲ್ಲಿ. ಪೇಪರ್ ಹುಡುಕುವ ಗೂಗಲ್ ಸ್ಕಾಲರ್ ಬಂದಿದ್ದೇ 2004ರ ನವೆಂಬರ್‌ನಲ್ಲಿ. ಆಗ ಬೇಕಾದ ಪೇಪರ್‌ಗಳ ಹೆಸರನ್ನು ಒಂದು ಪಟ್ಟಿ ಮಾಡಿಕೊಂಡು, ಪ್ರಿನ್ಸಿಪಾಲರಿಂದ ಪತ್ರ ಬರೆಸಿಕೊಂಡು, ಬೆಳಗಿನ ಜಾವದ ಕೆಂಪು ಬಸ್ ಹತ್ತುತ್ತಿದ್ದೆವು. ಗೊರಗುಂಟೆಪಾಳ್ಯದಲ್ಲಿ ಇಳಿದು ಐಐಎಸ್‌ಸಿ ಲೈಬ್ರರಿ. ಬೈಂಡ್ ಮಾಡಿದ ಜರ್ನಲ್‌ಗಳು ಇಟ್ಟಿಗೆಯಷ್ಟು ಭಾರ. ಜೆರಾಕ್ಸ್ ಕ್ಯೂನಲ್ಲಿ ನಿಂತು ಸಂಜೆ ಬಸ್ ಹಿಡಿದರೆ ಹಾಸನ ಸೇರುವಷ್ಟರಲ್ಲಿ ರಾತ್ರಿ ಹತ್ತು.

ಆದರೆ ಒಂದು ಮಾತು. ಅಷ್ಟು ದೂರ ಹೋಗಿ ತಂದ ಹನ್ನೆರಡು ಪೇಪರ್‌ಗಳನ್ನು ನಾವು ಪೂರ್ತಿ ಓದುತ್ತಿದ್ದೆವು. ಪ್ರತಿಯೊಂದಕ್ಕೂ ಒಂದು ರಟ್ಟಿನ ಕಾರ್ಡು. ಮುಂದೆ ಲೇಖಕರ ಹೆಸರು, ಪುಟ. ಹಿಂದೆ ನಮ್ಮ ಮಾತಿನಲ್ಲಿ ನಾಲ್ಕು ಸಾಲು. ಆ ಕಾರ್ಡುಗಳು ಇವತ್ತಿಗೂ ಬೀರುವಿನಲ್ಲಿವೆ. 412ರಲ್ಲಿ ನೀವು ಪೂರ್ತಿ ಓದಿದ್ದು ಎಷ್ಟಮ್ಮಾ? ಬೇಜಾರು ಮಾಡ್ಕೋಬೇಡಿ.

ಪಲ್ಪರ್_ನೀರು · 7:05

ಬೇಜಾರಿಲ್ಲ ಸರ್. ಎಣಿಸಿದೆ. ಮೂವತ್ತೆಂಟು. ಉಳಿದವುಗಳ ಅಬ್‌ಸ್ಟ್ರಾಕ್ಟ್ ಮಾತ್ರ. ಇಳಿಸಿಟ್ಟುಕೊಂಡರೆ ಓದಿದಷ್ಟೇ ಸಮಾಧಾನ ಆಗುತ್ತಿತ್ತು.

ಎಕ್ಸೆಲ್_ಸಾಕು · 7:12

ಮೂವತ್ತೆಂಟಾ? ಹಾಗಾದರೆ ಎಕ್ಸೆಲ್ ಸಾಕು. ನಾನು ಹೇಳಿದ್ದು ಅದನ್ನೇ.

ಲೈಬ್ರರಿ_ಕೌಂಟರ್ · 9:40

ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವನು. ಊರು ಹೆಸರು ಬೇಡ. ಇಟ್ಟುಕೊಳ್ಳುವ ವಿಷಯ ಮೇಲಿನವರು ಹೇಳಿದರು. ನಾನು ಹುಡುಕುವುದನ್ನು ಹೇಳುತ್ತೇನೆ. ಮಕ್ಕಳು ಬಂದು "ಸರ್, ನಮ್ಮ ಟಾಪಿಕ್ ಮೇಲೆ ಪೇಪರೇ ಇಲ್ಲ" ಅನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಪೇಪರ್ ಇರುತ್ತದೆ, ಇವರು ಕೊಟ್ಟ ಪದ ಸರಿ ಇರುವುದಿಲ್ಲ.

ನಿಮ್ಮ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ 'ಪಲ್ಪಿಂಗ್ ಎಫ್ಲುಯೆಂಟ್' ಅನ್ನುತ್ತಾರೆ. ಬೇರೆಯವರು 'ಕಾಫಿ ಪ್ರೊಸೆಸಿಂಗ್ ವೇಸ್ಟ್‌ವಾಟರ್' ಅನ್ನುತ್ತಾರೆ, 'ವೆಟ್ ಮಿಲ್' ಅನ್ನುತ್ತಾರೆ. ಮಧ್ಯ ಅಮೆರಿಕದಲ್ಲಿ ಸ್ಪ್ಯಾನಿಷ್‌ನಲ್ಲಿ 'ಆಗ್ವಾಸ್ ಮಿಯೆಲೆಸ್'. ಅಂದರೆ ಜೇನು ನೀರು! ಪಲ್ಪರ್ ಕೊಳದ ವಾಸನೆ ನೋಡಿದವರಿಗೆ ಈ ಹೆಸರು ನಗು ತರಿಸುತ್ತದೆ. ಆ ಪದವನ್ನು ಸ್ಕಾಲರ್‌ನಲ್ಲಿ ಹಾಕಿ ನೋಡಿ, ಬೇರೆಯದೇ ಲೋಕ ತೆರೆದುಕೊಳ್ಳುತ್ತದೆ. ಕೊಲಂಬಿಯಾದಲ್ಲಿ ಸೆನಿಕಾಫೆ ಅಂತ ಕಾಫಿ ಸಂಶೋಧನಾ ಕೇಂದ್ರ ಇದೆ, 1938ರಿಂದ. ಇದರ ಮೇಲೆ ಅವರ ಕೆಲಸ ಬಹಳ ಇದೆ, ಆದರೆ ಸ್ಪ್ಯಾನಿಷ್‌ನಲ್ಲಿ.

ಒಳ್ಳೆಯ ಒಂದು ಪೇಪರ್ ಸಿಕ್ಕಿತು ಅಂದುಕೊಳ್ಳಿ. ಅದರ ಕೆಳಗೆ 'ಸೈಟೆಡ್ ಬೈ' ಅಂತ ಇರುತ್ತದೆ. ಅದನ್ನು ಒತ್ತಿದರೆ ಆಮೇಲೆ ಬಂದವರು ಸಿಗುತ್ತಾರೆ. ಅಲ್ಲೇ ಮೇಲೆ ಒಂದು ಚೌಕ ಇದೆ, ಟಿಕ್ ಮಾಡಿದರೆ ಅವರೊಳಗೆ ಮಾತ್ರ ಹುಡುಕಬಹುದು. ಇದನ್ನು ಹತ್ತರಲ್ಲಿ ಒಂಬತ್ತು ಜನ ಗಮನಿಸಿಯೇ ಇರುವುದಿಲ್ಲ. ಪೇಪರ್‌ನ ಕೊನೆಯ ರೆಫರೆನ್ಸ್ ಪಟ್ಟಿ ಹಿಡಿದು ಹೋದರೆ ಹಿಂದಿನವರು ಸಿಗುತ್ತಾರೆ. ನಿಮ್ಮ 40 ಲೀಟರಿಗೆ ಬೇಕಾದದ್ದು ಈ ಹಿಂದಿನ ದಾರಿ. ಸುಮ್ನೆ ಪೇಪರ್ ಸಿಕ್ಕಿತು ಅಂತ ನಿಲ್ಲಬೇಡಿ. ಅದರ ಲೇಖಕರು ತಾವೇ ಅಳೆದರೋ, ಇನ್ನೊಬ್ಬರದ್ದು ತೆಗೆದುಕೊಂಡರೋ ನೋಡಿ.

ಥೀಸಿಸ್‌ಗಳಿಗೆ ಶೋಧಗಂಗಾ ವೆಬ್‌ಸೈಟ್. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವುದು. ಜರ್ನಲ್‌ನಲ್ಲಿ ಜಾಗ ಸಾಲದೆ ಬಿಟ್ಟ ಟೇಬಲ್‌ಗಳು ಥೀಸಿಸ್‌ನಲ್ಲಿ ಪೂರ್ತಿ ಇರುತ್ತವೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಕೇಂದ್ರ ನಿಮಗೆ ಎರಡು ಮೂರು ಗಂಟೆಯ ದಾರಿ. 1925ರಿಂದ ನಡೆಯುತ್ತಿರುವ ಜಾಗ. ಒಮ್ಮೆ ಹೋಗಿದ್ದೀರಾ?

ಪಲ್ಪರ್_ನೀರು · 9:58

ಇಲ್ಲ ಸರ್. ಬ್ರೆಜಿಲ್‌ನ ಅರವತ್ತು ಪೇಪರ್ ಇಳಿಸಿದ್ದೇನೆ. ಬಾಳೆಹೊನ್ನೂರಿಗೆ ಹೋಗಿಲ್ಲ.

ಸುಮ್ನೆ_ಬಂದೆ · 10:01

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದರಂತೆ.

ಎಂಟೆಕ್_ಹುಡುಗ · 10:15

ಎಲ್ಲಾ ಸರಿ. ಪೇಪರ್ ಮೇಲೆ ಒತ್ತಿದರೆ ದುಡ್ಡು ಕೇಳುತ್ತಲ್ಲ, ಅದಕ್ಕೇನು ಮಾಡೋದು? 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಅನ್ನೋ ಕೇಂದ್ರದ ಯೋಜನೆ ಬಂತು, ಇನ್ನು ಎಲ್ಲಾ ಫ್ರೀ ಅಂದರು. ನಮ್ಮ ಕಾಲೇಜಿನಲ್ಲಿ ಏನೂ ತೆರೆಯಲ್ಲ.

ಲೈಬ್ರರಿ_ಕೌಂಟರ್ · 10:50

ನಿಮ್ಮದು ಖಾಸಗಿ ಕಾಲೇಜಾ? ಮೊದಲ ಹಂತದಲ್ಲಿ ಅದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳಿಗೆ ಮಾತ್ರ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ಮೂರು ವರ್ಷಕ್ಕೆ 6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್. ಹಾಸನದಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನವರಿಗೆ ಒಂದು ಬಾಗಿಲು, ಪಕ್ಕದ ರಸ್ತೆಯ ಖಾಸಗಿ ಕಾಲೇಜಿನವರಿಗೆ ಇನ್ನೊಂದು. ವಿಟಿಯುಗೆ ಸೇರಿದ ಕಾಲೇಜಾದರೆ ವಿಟಿಯು ಕನ್ಸಾರ್ಟಿಯಂ (ಕಾಲೇಜುಗಳು ಸೇರಿ ಜರ್ನಲ್ ತರಿಸುವ ಒಕ್ಕೂಟ) ಮೂಲಕ ಏನೇನು ಬರುತ್ತದೆ ಅಂತ ನಿಮ್ಮ ಲೈಬ್ರರಿಯನ್ ಹತ್ತಿರ ಕೇಳಿ. ಮನೆಯಿಂದ ನೋಡಲು ಲಾಗಿನ್ ಇರುತ್ತದೆ. ಕೇಳಿದವರಿಗೆ ಕೊಡುತ್ತಾರೆ. ಯಾರೂ ಕೇಳುವುದಿಲ್ಲ ಅನ್ನುವುದೇ ನಮ್ಮ ದುಃಖ.

ಬ್ರೌಸರ್‌ಗೆ ಅನ್‌ಪೇವಾಲ್ ಅಂತ ಒಂದು ಎಕ್ಸ್‌ಟೆನ್ಷನ್ ಸಿಗುತ್ತದೆ. ಲೇಖಕರು ಕಾನೂನುಬದ್ಧವಾಗಿ ಬೇರೆಲ್ಲಾದರೂ ಹಾಕಿದ ಪ್ರತಿ ಇದ್ದರೆ ಹಸಿರು ಬೀಗ ತೋರಿಸುತ್ತದೆ.

ಎಂಟೆಕ್_ಹುಡುಗ · 10:54

ಪೇಪರ್‌ಗಳನ್ನು ಅನಧಿಕೃತವಾಗಿ ಫ್ರೀ ಕೊಡೋ ಸೈ-ಹಬ್ ಅಂತ ಯಾರೂ ಯಾಕೆ ಬಾಯಿ ಬಿಡ್ತಿಲ್ಲ?

ಲೈಬ್ರರಿ_ಕೌಂಟರ್ · 11:02

ನನ್ನ ಕುರ್ಚಿಯಲ್ಲಿ ಕೂತು ನಾನು ಹೇಗೆ ಬಿಡಲಿ? 2020ರ ಕೊನೆಯಲ್ಲಿ ಎಲ್ಸೇವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಸೇರಿ ದೆಹಲಿ ಹೈಕೋರ್ಟ್‌ಗೆ ಹೋದರು. 2025ರ ಆಗಸ್ಟ್‌ನಲ್ಲಿ ಬ್ಲಾಕ್ ಮಾಡಲು ಕೋರ್ಟ್ ಹೇಳಿತು. ಮುಂದಿನ ಪ್ರಶ್ನೆ.

ಯಶವಂತಪುರ_ಪ್ಯಾಸೆಂಜರ್ · 11:30

ಲೇಖಕರಿಗೆ ನೇರವಾಗಿ ಮೇಲ್ ಹಾಕಿ. ನಾನು ಬ್ರೆಜಿಲ್‌ನ ಒಬ್ಬ ಪ್ರೊಫೆಸರ್‌ಗೆ ಮೂರು ಸಾಲು ಬರೆದಿದ್ದೆ, ನಾನು ಯಾರು, ಯಾವ ಪೇಪರ್ ಬೇಕು, ಯಾಕೆ ಬೇಕು ಅಂತ. ರಾತ್ರಿ ಕಳಿಸಿದ್ದು, ಬೆಳಿಗ್ಗೆ ಏಳುವಷ್ಟರಲ್ಲಿ ಪಿಡಿಎಫ್ ಬಂದಿತ್ತು. ಕೇಳದ ಇನ್ನೆರಡು ಪೇಪರ್ ಕೂಡ. ನಮ್ಮ ಪಕ್ಕದ ಬಿಲ್ಡಿಂಗ್‌ನವರು ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.

ನವೀನ_ಯುಗ · 12:10

ಅಯ್ಯೋ, ಇಷ್ಟೆಲ್ಲಾ ಯಾಕೆ? ಎಐಗೆ ಕೇಳಿ. ಒಂದು ನಿಮಿಷದಲ್ಲಿ ಇಪ್ಪತ್ತು ರೆಫರೆನ್ಸ್ ಕೊಡುತ್ತೆ.

ಸಾಲಗಾಮೆ_ರೋಡ್ · 12:18

ಕೊಡುತ್ತೆ. ನಮ್ಮ ಜೂನಿಯರ್ ಒಬ್ಬನಿಗೂ ಕೊಟ್ಟಿತ್ತು. ಇಪ್ಪತ್ತರಲ್ಲಿ ಏಳು ಪೇಪರ್ ಭೂಮಿ ಮೇಲೇ ಇಲ್ಲ. ತಲೆಬರಹ ಚೆನ್ನಾಗಿದೆ, ಜರ್ನಲ್ ನಿಜ, ಲೇಖಕರ ಹೆಸರೂ ಎಲ್ಲೋ ಕೇಳಿದ ಹಾಗಿದೆ. ಡಿಒಐ (ಪೇಪರ್‌ನ ಗುರುತಿನ ನಂಬರು) ಹಾಕಿದರೆ ಒಂದು ಕಪ್ಪೆಗಳ ಕುರಿತ ಪೇಪರ್ ತೆರೆದುಕೊಂಡಿತು. ಸಿನಾಪ್ಸಿಸ್ ಕೊಟ್ಟ ಮೇಲೆ ಅವನಿಗೆ ಗೊತ್ತಾಗಿದ್ದು.

ನವೀನ_ಯುಗ · 12:25

ಅದು ಹಳೇ ಮಾತು. ಈಗ ಇಂಟರ್‌ನೆಟ್ ಹುಡುಕಿ ಲಿಂಕ್ ಸಮೇತ ಕೊಡುತ್ತವೆ. ಸ್ಪ್ಯಾನಿಷ್ ಪೇಪರ್ ಓದಲು ನೀವು ಬೇರೆ ಏನು ಮಾಡ್ತೀರಿ? ಸ್ಪ್ಯಾನಿಷ್ ಕಲೀತೀರಾ?

ಲೈಬ್ರರಿ_ಕೌಂಟರ್ · 12:40

ಅನುವಾದಕ್ಕೆ ಬಳಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಪಟ್ಟಿಗೆ ಸೇರಿಸುವ ಮುಂಚೆ ಪ್ರತಿಯೊಂದರ ಡಿಒಐ ಒತ್ತಿ, ಪೇಪರ್ ಕಣ್ಣಾರೆ ನೋಡಿ. ತಪ್ಪು ಕಂಡು ಜರ್ನಲ್‌ನವರು ವಾಪಸ್ ಪಡೆದ ಪೇಪರ್ ಅಲ್ಲ ಅನ್ನುವುದನ್ನೂ ನೋಡಿ. ಝೊಟೆರೊದಲ್ಲಿ ಅಂಥದ್ದಕ್ಕೆ ಕೆಂಪು ಪಟ್ಟಿ ಬರುತ್ತದೆ.

ಮತ್ತೆ ಇನ್ನೊಬ್ಬರ ಥೀಸಿಸ್‌ನ ಎರಡನೇ ಚಾಪ್ಟರ್ ಎತ್ತಿ ಹಾಕಬೇಡಿ. ಯುಜಿಸಿಯ 2018ರ ನಿಯಮ ನೆನಪಿರಲಿ. ಹೋಲಿಕೆ 10 ಶೇಕಡಾ ದಾಟಿದರೆ ತಿದ್ದಿ ಮತ್ತೆ ಕೊಡಬೇಕು. 40 ದಾಟಿದರೆ ಒಂದು ವರ್ಷ ಕೊಡುವ ಹಾಗಿಲ್ಲ. 60 ದಾಟಿದರೆ ರಿಜಿಸ್ಟ್ರೇಷನ್ನೇ ಹೋಗುತ್ತದೆ.

ಸುಮ್ನೆ_ಬಂದೆ · 12:44

ಈ ಥ್ರೆಡ್ ಓದಿ ನನಗೆ ಪಿಎಚ್‌ಡಿ ಬೇಡ ಅನ್ನಿಸಿತು. ಧನ್ಯವಾದ.

ಪಲ್ಪರ್_ನೀರು · ಸೋಮವಾರ ರಾತ್ರಿ 9:30

ಸಿಕ್ಕಿತು! ಝೊಟೆರೊಗೆ ಎಲ್ಲಾ ಎಳೆದು ಹಾಕಿದೆ. 412ರಲ್ಲಿ ಡೂಪ್ಲಿಕೇಟ್ ತೆಗೆದರೆ ಉಳಿದದ್ದು 297. ನಾಚಿಕೆ ಆಯ್ತು. ಸ್ಕ್ಯಾನ್ ಮಾಡಿದ ಹಳೇ ಪೇಪರ್ ಇಪ್ಪತ್ತೊಂದಕ್ಕೆ ವಿವರ ತಾನೇ ಬರಲಿಲ್ಲ, ಕೈಯಲ್ಲಿ ತುಂಬಿದೆ.

40 ಇರುವುದು ಒಂದು ರಿವ್ಯೂ ಪೇಪರ್‌ನಲ್ಲಿ. ಬಲಗಡೆ ಕಾಲಂ ಅಲ್ಲ, ಎಡಗಡೆ. ಹಳದಿಯೂ ಅಲ್ಲ, ಹಸಿರು. ಲೈಬ್ರರಿ ಸರ್ ಹೇಳಿದ ಹಾಗೆ ಹಿಂದಕ್ಕೆ ಹೋದೆ. ರಿವ್ಯೂದವರು ಇನ್ನೊಂದು ಪೇಪರ್ ತೋರಿಸುತ್ತಾರೆ. ಆ ಪೇಪರ್‌ನವರು ಸೆನಿಕಾಫೆಯ ಸ್ಪ್ಯಾನಿಷ್ ಬರಹ ತೋರಿಸುತ್ತಾರೆ. ಅದು ಅವರ ವೆಬ್‌ಸೈಟಿನಲ್ಲೇ ಇದೆ. ಇನ್ನೂ ಪೂರ್ತಿ ಓದಿಲ್ಲ, ಆದರೆ 40 ಅನ್ನುವುದು ಕಾಣುತ್ತಿದೆ. ಹಾಗಾದರೆ ನನ್ನ ಲೆಕ್ಕ ಸರಿ. ತೋಟದವರು ಕೊಟ್ಟ ಹೋದ ವರ್ಷದ ಪಟ್ಟಿ ಹೀಗಿದೆ: ಅರೇಬಿಕಾ ಪಾರ್ಚ್‌ಮೆಂಟ್ 300 ಮೂಟೆ, ಚೆರ್ರಿ 500 ಮೂಟೆ. ಮೂಟೆಗೆ 50 ಕೆ.ಜಿ. ಹಾಗಾಗಿ ಚೆರ್ರಿ 25,000 ಕೆ.ಜಿ., ಗುಣಿಸು 40, ಹತ್ತು ಲಕ್ಷ ಲೀಟರ್. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕಣದ_ಕಾಫಿ · ರಾತ್ರಿ 10:15

ನಾನು ಇಂಜಿನಿಯರ್ ಅಲ್ಲ, ಸಕಲೇಶಪುರದ ಕಡೆ ಬೆಳೆಗಾರ. ಮಗಳು ಈ ಥ್ರೆಡ್ ತೋರಿಸಿದಳು. ತಂಗಿ, ನಿಮ್ಮ ಲೆಕ್ಕ ನೋಡಿ ಗಾಬರಿ ಆಯ್ತು.

ಒಂದು ಕೆ.ಜಿ. ಹಣ್ಣಿಗೆ 40 ಲೀಟರಾ? ಅಷ್ಟು ನೀರು ಬಿಟ್ಟರೆ ನಮ್ಮ ಕೆರೆ ಒಂದೇ ವಾರಕ್ಕೆ ಖಾಲಿ ಮಾರಾಯ್ರೆ.

ಎರಡನೇದು ಇನ್ನೂ ದೊಡ್ಡದು. ತೋಟದವರು 'ಚೆರ್ರಿ' ಅಂತ ಕೊಟ್ಟದ್ದು ಹಣ್ಣಲ್ಲ. ನಮ್ಮಲ್ಲಿ ಚೆರ್ರಿ ಅಂದರೆ ಹಣ್ಣನ್ನು ಪಲ್ಪ್ ಮಾಡದೆ ಹಾಗೇ ಕಣದಲ್ಲಿ ಹರಡಿ ಒಣಗಿಸಿದ್ದು. ಪೇಪರಿನಲ್ಲಿ ದಿನಾ ಬೆಲೆ ಹಾಕುತ್ತಾರಲ್ಲ, ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೋಬಸ್ಟಾ ಚೆರ್ರಿ ಅಂತ, ಅದು. ಚೆರ್ರಿ ಮಾಡಲು ಪಲ್ಪರೂ ಬೇಡ, ನೀರೂ ಬೇಡ, ಬಿಸಿಲು ಸಾಕು. ನೀರು ಖರ್ಚಾಗುವುದು ಪಾರ್ಚ್‌ಮೆಂಟ್‌ಗೆ, ಅಂದರೆ ಹಣ್ಣನ್ನು ಪಲ್ಪ್ ಮಾಡಿ, ತೊಳೆದು ಒಣಗಿಸಿದ ಬೀಜಕ್ಕೆ. ನೀವು ನೀರೇ ಮುಟ್ಟದ 500 ಮೂಟೆಗೆ ರಿಯಾಕ್ಟರ್ ಕಟ್ಟುತ್ತಿದ್ದೀರಿ. ನೀರು ಕುಡಿದ 300 ಮೂಟೆಯನ್ನು ಬಿಟ್ಟುಬಿಟ್ಟಿದ್ದೀರಿ.

ಸಾಲಗಾಮೆ_ರೋಡ್ · 10:18

ಅಬ್ಬಾ.

ಲೈಬ್ರರಿ_ಕೌಂಟರ್ · 10:26

ಹೊರದೇಶದ ಪೇಪರ್‌ಗಳಲ್ಲಿ 'ಚೆರ್ರಿ' ಅಂದರೆ ಹಸಿ ಹಣ್ಣು. ನಮ್ಮ ವ್ಯಾಪಾರದಲ್ಲಿ ಒಣಗಿದ್ದು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕೀವರ್ಡ್ ಪಾಠ ಮಾಡುತ್ತಿದ್ದೇನೆ. ಇದು ನನಗೂ ಹೊಳೆದಿರಲಿಲ್ಲ. ಕಣದ ಕಾಫಿಯವರೇ, ನಮಸ್ಕಾರ.

ಪಲ್ಪರ್_ನೀರು · 11:20

ಸರ್, ಕೈ ನಡುಗುತ್ತಿದೆ. ಈಗಷ್ಟೇ ಸ್ಪ್ಯಾನಿಷ್ ಬರಹವನ್ನು ಅನುವಾದಕ್ಕೆ ಹಾಕಿ ಓದಿದೆ. 40 ಲೀಟರ್ ಅಂತ ಇರುವುದು ಒಂದು ಕೆ.ಜಿ. ಒಣ ಪಾರ್ಚ್‌ಮೆಂಟ್‌ಗೆ, ಹಳೇ ವಿಧಾನದಲ್ಲಿ. ಒಣ ಪಾರ್ಚ್‌ಮೆಂಟನ್ನು ಅವರು 'ಸಿ.ಪಿ.ಎಸ್.' ಅಂತ ಚಿಕ್ಕದಾಗಿ ಬರೆಯುತ್ತಾರೆ. ನಡುವಿನ ಪೇಪರ್‌ನಲ್ಲಿ ಅದು 'ಒಂದು ಕೆ.ಜಿ. ಕಾಫಿಗೆ' ಆಗಿದೆ. ಅದನ್ನು ಓದಿ ಹಣ್ಣು ಅಂತ ಬರೆದವಳು ನಾನೇ. ಬೇರೆ ಯಾರ ತಪ್ಪೂ ಇಲ್ಲ.

ಕಣದ_ಕಾಫಿ · ಮಂಗಳವಾರ ಬೆಳಿಗ್ಗೆ 5:50

ಸಮಾಧಾನ ಮಾಡ್ಕೊಳಿ ತಂಗಿ. ಅರೇಬಿಕಾ ಆದರೆ ಸುಮಾರು ಐದು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಪಾರ್ಚ್‌ಮೆಂಟ್ ಅಂತ ನಮ್ಮ ಅಂದಾಜು. ಹಾಗಾದರೆ 40 ಲೀಟರ್ ಅಂದರೆ ಹಣ್ಣಿಗೆ ಎಂಟೇ ಲೀಟರ್ ಆಯ್ತು. ಅದೂ ಹಳೇ ಪಲ್ಪರಿಗೆ, ಕಾಲುವೆಯಲ್ಲಿ ನೀರು ಬಿಟ್ಟು ತೊಳೆಯುವವರಿಗೆ. ಈಗಿನ ಮೆಷಿನ್‌ಗಳಿಗೆ ಅಷ್ಟು ಬೇಡ, ಅದೇ ನೀರನ್ನು ತಿರುಗಿಸಿ ಬಳಸುತ್ತೇವೆ. ಆ ತೋಟದವರ ಹತ್ತಿರ ಯಾವ ಪಲ್ಪರ್ ಇದೆ ಅಂತ ಮೊದಲು ಕೇಳಿ. ಮತ್ತೆ ಹಣ್ಣು ಎಲ್ಲಾ ದಿನ ಒಂದೇ ಸಮ ಬರುವುದಿಲ್ಲ. ಮೊದಲ ಕೊಯ್ಲು ಕಡಿಮೆ, ನಡುವೆ ಹತ್ತು ಹದಿನೈದು ದಿನ ಉಸಿರಾಡಲು ಬಿಡುವುದಿಲ್ಲ. ನಿಮ್ಮ ತೊಟ್ಟಿ ಆ ದಿನಗಳನ್ನು ತಡೆಯಬೇಕು.

ಬಿಬ್‌ಟೆಕ್_ಭಕ್ತ · 8:10

300 ಮೂಟೆ, 50 ಕೆ.ಜಿ., 15,000 ಕೆ.ಜಿ. ಪಾರ್ಚ್‌ಮೆಂಟ್. ಗುಣಿಸು 40, ಆರು ಲಕ್ಷ ಲೀಟರ್. ಅದೂ ಹಳೇ ಪಲ್ಪರ್ ಆದರೆ ಮಾತ್ರ. ಹತ್ತು ಲಕ್ಷದಿಂದ ಇಲ್ಲಿಗೆ ಇಳಿಯಿತು. ಸಿಮೆಂಟ್ ದುಡ್ಡು ಉಳಿಯಿತು.

ಲ್ಯಾಬ್_ಬಾಟಲಿ · 8:45

ಟೇಬಲ್ ತಿದ್ದುತ್ತಿದ್ದೀರಿ ಅಂದಮೇಲೆ ಇನ್ನೊಂದನ್ನೂ ನೋಡಿಬಿಡಿ. ನಾನು ನೀರು ಪರೀಕ್ಷೆಯ ಲ್ಯಾಬ್‌ನಲ್ಲಿದ್ದೇನೆ. ನಮ್ಮ ದೇಶದ ಮಾನದಂಡ ಐಎಸ್ 3025 ಪ್ರಕಾರ ಬಿಒಡಿ (ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಅಳೆಯುವುದು 27 ಡಿಗ್ರಿಯಲ್ಲಿ ಮೂರು ದಿನ. ಹೊರಗಿನ ಪೇಪರ್‌ಗಳಲ್ಲಿ ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಐದು ದಿನ. ನಿಮ್ಮ ಟೇಬಲ್‌ನಲ್ಲಿ ಬೇರೆ ಬೇರೆ ರೀತಿ ಅಳೆದ ಈ ಎರಡೂ ಒಂದೇ ಕಾಲಂನಲ್ಲಿ ಇವೆಯಾ?

ಪಲ್ಪರ್_ನೀರು · 8:52

ಇವೆ.

ಸುಮ್ನೆ_ಬಂದೆ · 8:53

😂 ಪಾಪ, ಬಿಡ್ರೋ ಅವರನ್ನ.

ಎಕ್ಸೆಲ್_ಸಾಕು · 9:05

ಈಗ ಜಗಳ ಬೇಡ, ನಿಜವಾಗಲೂ ಉಪಯೋಗಕ್ಕೆ ಹೇಳುತ್ತೇನೆ. ಪಟ್ಟಿ ಝೊಟೆರೊದಲ್ಲೇ ಇರಲಿ, ಸೋತೆ. ಆದರೆ ಅಂಕಿಗಳಿಗೆ ಎಕ್ಸೆಲ್ ಬೇಕು. ಪ್ರತಿ ಅಂಕಿಗೂ ನಾಲ್ಕು ಮನೆ: ಎಷ್ಟು, ಯಾವುದಕ್ಕೆ ಅಂದರೆ ಹಣ್ಣಿಗೋ ಪಾರ್ಚ್‌ಮೆಂಟಿಗೋ, ಯಾವ ವಿಧಾನದಲ್ಲಿ ಅಳೆದದ್ದು, ಯಾವ ಪುಟ. ಐದನೆಯದು, ಅವರೇ ಅಳೆದದ್ದಾ, ಕೇಳಿ ಹೇಳಿದ್ದಾ. ಕೇಳಿ ಹೇಳಿದ್ದಾದರೆ ಆ ಸಾಲಿಗೆ ಕೆಂಪು ಬಣ್ಣ.

ಹಳೇ_ಬ್ಯಾಚ್_2003 · 9:20

ಇದೇ ಕಣಪ್ಪ ನಮ್ಮ ರಟ್ಟಿನ ಕಾರ್ಡು. ಬಣ್ಣ ಮಾತ್ರ ಹೊಸದು.

ಸಾಲಗಾಮೆ_ರೋಡ್ · 9:31

ಝೊಟೆರೊ ಒಳಗೇ ಪಿಡಿಎಫ್ ತೆರೆದು ಗೆರೆ ಎಳೆಯಿರಿ. ಆಮೇಲೆ ಆ ಗೆರೆಗಳನ್ನೆಲ್ಲ ಒಂದು ಟಿಪ್ಪಣಿಯಾಗಿ ತೆಗೆಯಬಹುದು. ಒಂದೊಂದರ ಪಕ್ಕದಲ್ಲಿ ಪುಟ ಸಂಖ್ಯೆ ಇರುತ್ತದೆ, ಒತ್ತಿದರೆ ನೇರ ಅದೇ ಸಾಲಿಗೆ ಹೋಗುತ್ತದೆ. ಹಳದಿಯೋ ಹಸಿರೋ ಅಂತ ನೆನಪು ಮಾಡಿಕೊಳ್ಳುವ ಕಷ್ಟ ಇಲ್ಲ.

ಎಂಟೆಕ್_ಹುಡುಗ · 9:40

ಟಾಪಿಕ್ ಬಿಟ್ಟು ಕೇಳ್ತೀನಿ. ಒಂದು ಜರ್ನಲ್‌ನಿಂದ ಮೇಲ್ ಬಂದಿದೆ, ಮೂರು ದಿನದಲ್ಲಿ ಪಬ್ಲಿಷ್ ಮಾಡ್ತಾರಂತೆ, ಬರೀ 1,500 ರೂಪಾಯಿ. ಕಳಿಸಲಾ?

ಲೈಬ್ರರಿ_ಕೌಂಟರ್ · 9:42

ಬೇಡ.

ಬಿಬ್‌ಟೆಕ್_ಭಕ್ತ · 9:42

ಬೇಡ.

ಯಶವಂತಪುರ_ಪ್ಯಾಸೆಂಜರ್ · 9:43

ಬೇಡ ಮಾರಾಯ. ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದ್ದಾರೆ. ಯಾವುದು ಒಳ್ಳೆಯದು ಅಂತ ಈಗ ನಾವೇ ನೋಡಿಕೊಳ್ಳಬೇಕು. ಮೂರು ದಿನದಲ್ಲಿ ಯಾರು ಓದಿ ರಿವ್ಯೂ ಮಾಡ್ತಾರೆ?

ಪಲ್ಪರ್_ನೀರು · ಬುಧವಾರ ರಾತ್ರಿ 8:15

ಗೈಡ್ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಚೆರ್ರಿ ವಿಷಯ ಕೇಳಿ ಐದು ನಿಮಿಷ ನಕ್ಕರು. ಅವರ ಊರು ತುಮಕೂರು, ಅವರಿಗೂ ಗೊತ್ತಿರಲಿಲ್ಲವಂತೆ. ಈಗ ಎರಡನೇ ಚಾಪ್ಟರ್‌ನ ಶುರುವಿನಲ್ಲೇ ಹಣ್ಣು, ಪಾರ್ಚ್‌ಮೆಂಟ್, ಚೆರ್ರಿ ಅಂದರೆ ಏನೇನು ಅಂತ ಅರ್ಧ ಪುಟ ಬರೆಯಲು ಹೇಳಿದ್ದಾರೆ. ಟೇಬಲ್‌ನಲ್ಲಿ 46 ಅಂಕಿ ಇದ್ದವು. ಇವತ್ತು ಹದಿನೇಳು ಸಾಲು ಕೆಂಪಾಗಿದೆ. ಇನ್ನೂ ಅರ್ಧ ನೋಡಿಲ್ಲ.

ಮುಂದಿನ ವಾರ ಬಾಳೆಹೊನ್ನೂರಿಗೆ ಹೋಗುತ್ತಿದ್ದೇನೆ. ಲೈಬ್ರರಿ ಸರ್, ಪತ್ರ ಯಾರ ಹೆಸರಿಗೆ ಬರೆಸಬೇಕು?

ಲೈಬ್ರರಿ_ಕೌಂಟರ್ · 8:40

ಹೆಸರು ಬೇಡ, ಹುದ್ದೆಗೆ ಬರೆಸಿ. ನಿರ್ದೇಶಕರಿಗೆ. ಹೋಗುವ ಮುಂಚೆ ಫೋನ್ ಮಾಡಿ. ಹಳೇ ವರದಿ ಫೋಟೋ ತೆಗೆಯಬಹುದಾ ಅಂತ ಕೇಳಿಯೇ ತೆಗೆಯಿರಿ. ತೆಗೆದರೆ ಮೊದಲ ಪುಟ ಮತ್ತು ಪುಟ ಸಂಖ್ಯೆ ಕಾಣುವ ಹಾಗೆ ತೆಗೆಯಿರಿ. ಇಲ್ಲದಿದ್ದರೆ ಮತ್ತೆ 'ಹೊಸದು 2' ಆಗುತ್ತದೆ.

ಕಣದ_ಕಾಫಿ · 9:05

ಡಿಸೆಂಬರ್‌ನಲ್ಲಿ ನಮ್ಮ ತೋಟಕ್ಕೂ ಬನ್ನಿ ತಂಗಿ. ಪಲ್ಪರ್ ಓಡುವಾಗ ಮೀಟರ್ ಇಟ್ಟು ನೀವೇ ಅಳೆದುಕೊಳ್ಳಿ. ಆಗ ಆ ಸಾಲು ಕೆಂಪಾಗುವುದಿಲ್ಲವಲ್ಲ. ಬೂಟು ತನ್ನಿ, ಜಿಗಣೆ ಕಡಿಮೆ ಇರುತ್ತವೆ, ಇಲ್ಲವೇ ಇಲ್ಲ ಅಂತ ಹೇಳಲ್ಲ.

ಸುಮ್ನೆ_ಬಂದೆ · 9:10

ಜೇನು ನೀರು ಕುಡಿಸ್ತಾರೆ, ಹುಷಾರು.